ಕೋರ್ಟು ಶುಲ್ಕವೂ ಸಿಬ್ಬಂದಿಯ ಸಂಬಳವೂ

ಮೈಸೂರು ಸಂಸ್ಥಾನದಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್ ಸ್ಥಾಪನೆಯಾದದ್ದು 1884ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ. 1930ರಲ್ಲಿ ಅದಕ್ಕೆ ಹೈಕೋರ್ಟ್ ಎಂಬ ಹೆಸರು ಬಂತು. 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಹೈಕೋರ್ಟಾಯಿತು, 1973ರಲ್ಲಿ ಕರ್ನಾಟಕ ಹೈಕೋರ್ಟಾಯಿತು. 2008ರಲ್ಲಿ ಧಾರವಾಡ, ಕಲಬುರಗಿಗಳಿಗೆ ಸಂಚಾರಿ ಪೀಠ ಬಂದು, 2013ರಲ್ಲಿ ಅವು ಕಾಯಂ ಆದವು. ಸ್ಮರಣ ಸಂಚಿಕೆಗಳಲ್ಲಿ ಈ ಚರಿತ್ರೆಯನ್ನು ಮುಖ್ಯ ನ್ಯಾಯಮೂರ್ತಿಗಳ ಹೆಸರುಗಳಿಂದ, ಹೆಸರಾಂತ ತೀರ್ಪುಗಳಿಂದ, ಅಠಾರಾ ಕಚೇರಿಯ ಕೆಂಪು ಕಟ್ಟಡದ ವರ್ಣನೆಯಿಂದ ಹೇಳುವುದು ರೂಢಿ. ಆ ಕಟ್ಟಡ 1868ರಲ್ಲಿ ಮುಗಿಯಿತು. ಹದಿನೆಂಟು ಇಲಾಖೆಗಳಿಗೆಂದು ಕಟ್ಟಿಸಿದ್ದರಿಂದ ಆ ಹೆಸರು ಬಂತು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ನಾನು ಹಿಡಿಯುವ ಎಳೆ ಬೇರೆ. ಈ ಸಂಸ್ಥೆಯ ಒಳಗೆ ದುಡಿದ ಶಿರಸ್ತೇದಾರರು, ಬೆಂಚ್ ಕ್ಲರ್ಕುಗಳು, ನಾಜರರು, ಬೆರಳಚ್ಚುಗಾರರು, ಶೀಘ್ರಲಿಪಿಕಾರರು, ಅಮೀನರು, ದಲಾಯತರು, ಇವರೆಲ್ಲರ ಸಂಬಳ ಎಲ್ಲಿಂದ ಬಂತು? ಕಕ್ಷಿದಾರ ಬಾಗಿಲಲ್ಲಿ ಕಟ್ಟುವ ಶುಲ್ಕಕ್ಕೂ ಆ ಸಂಬಳಕ್ಕೂ ನಂಟೇನು? ಕೋರ್ಟಿನ ಕಚೇರಿಯಲ್ಲೇ ಬದುಕು ಸವೆಸಿದವನಾದ್ದರಿಂದ ಈ ಪ್ರಶ್ನೆ ನನಗೆ ಬರೀ ಲೆಕ್ಕಪತ್ರದ್ದಲ್ಲ. ಸಿಬ್ಬಂದಿಯ ವೇತನದ ಮಾತು ಎದ್ದಾಗಲೆಲ್ಲ ಯಾರಾದರೊಬ್ಬರು, ಹಾಗಿದ್ದರೆ ಕೋರ್ಟು ಫೀ ಏರಿಸಿಬಿಡಿ, ಅಂದದ್ದನ್ನು ಕೇಳುತ್ತಲೇ ಬಂದಿದ್ದೇನೆ. ಆ ಮಾತು ಸುಲಭವೆನಿಸುತ್ತದೆ, ಆದರೆ ಸರಿಯಲ್ಲ. ಏಕೆ ಸರಿಯಲ್ಲ ಎಂಬುದಕ್ಕೆ ಈ ಸಂಸ್ಥೆಯ ಚರಿತ್ರೆಯೇ ಸಾಕ್ಷಿ.

ಶುಲ್ಕದ ಕಥೆ ನಮ್ಮ ಚೀಫ್ ಕೋರ್ಟಿಗಿಂತ ಹಳೆಯದು. ಬಂಗಾಳದಲ್ಲಿ ಕಾರ್ನ್‌ವಾಲಿಸ್ 1793ರಲ್ಲಿ ದಾವೆಗಳ ಮೇಲಿನ ಶುಲ್ಕವನ್ನು ತೆಗೆದುಹಾಕಿದ್ದ. ಎರಡೇ ವರ್ಷಕ್ಕೆ, 1795ರ 38ನೇ ರೆಗ್ಯುಲೇಷನ್ ಅದನ್ನು ಮರಳಿ ತಂದಿತು. ಕೊಟ್ಟ ಕಾರಣ, ಸುಳ್ಳು ದಾವೆಗಳು ಹೆಚ್ಚಾಗಿವೆ, ಶುಲ್ಕ ಹಾಕಿದರೆ ಜನ ಹಿಂಜರಿಯುತ್ತಾರೆ ಎಂಬುದು. ಮುಂದೆ ಮೆಕಾಲೆ ಈ ಕಾರಣವನ್ನು ಕಟುವಾಗಿ ಖಂಡಿಸಿದ. ಸುಳ್ಳು ದಾವೆ ಹೂಡುವವನನ್ನು ತಡೆಯುವ ಶುಲ್ಕ ನಿಜವಾಗಿ ಅನ್ಯಾಯಕ್ಕೊಳಗಾದವನನ್ನೂ ತಡೆಯುತ್ತದೆ. ದಾವೆ ನಿಜವೋ ಸುಳ್ಳೋ ಎಂದು ಗೊತ್ತಾಗುವುದು ವಿಚಾರಣೆಯ ಕೊನೆಗೆ, ಹಣ ಕಟ್ಟಿಸಿಕೊಳ್ಳುವುದು ಮೊದಲಿಗೆ. ಇಷ್ಟು ಸರಳವಾದ ಮಾತನ್ನು ಅಂದಿನಿಂದ ಇಂದಿನವರೆಗೆ ಎಷ್ಟು ಸಲ ಹೇಳಬೇಕಾಗಿ ಬಂದಿದೆ!

1867ರ ಕಾಯ್ದೆ ಶುಲ್ಕವನ್ನು ವಿಪರೀತ ಏರಿಸಿತು. ಅದು ಜನರಿಗೆ ಭಾರವಾಯಿತೆಂದು ಸರ್ಕಾರವೇ ಒಪ್ಪಿ 1870ರ ಕೋರ್ಟು ಶುಲ್ಕ ಕಾಯ್ದೆಯಲ್ಲಿ ದರ ಇಳಿಸಿತು, ದಾವೆಯ ಮೌಲ್ಯ ಎಷ್ಟೇ ಇದ್ದರೂ ಶುಲ್ಕ 3,000 ರೂಪಾಯಿ ಮೀರದಂತೆ ಮಿತಿಯನ್ನೂ ಇಟ್ಟಿತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ ಕಾಯ್ದೆಯ 20ನೇ ಕಲಂ. ಸಮನ್ಸು, ವಾರಂಟು, ಜಪ್ತಿಗಳ ಜಾರಿಗೆ ಎಷ್ಟು ಶುಲ್ಕ ಪಡೆಯಬೇಕು ಎಂಬ ನಿಯಮವನ್ನೂ, ಅವನ್ನು ಜಾರಿ ಮಾಡುವ ಪ್ಯೂನರಿಗೆ ಎಷ್ಟು ಸಂಬಳ ಕೊಡಬೇಕು ಎಂಬ ನಿಯಮವನ್ನೂ ಹೈಕೋರ್ಟೇ ಮಾಡಬೇಕು ಎಂದು ಅದು ಒಂದೇ ಉಸಿರಿನಲ್ಲಿ ಹೇಳಿತು. 22ನೇ ಕಲಂ ಜಿಲ್ಲೆಯೊಂದಕ್ಕೆ ಎಷ್ಟು ಪ್ಯೂನರು ಬೇಕೆಂದು ಗೊತ್ತುಮಾಡುವ ಅಧಿಕಾರವನ್ನು ಜಿಲ್ಲಾ ನ್ಯಾಯಾಧೀಶರಿಗೆ ಕೊಟ್ಟಿತು. ಶುಲ್ಕಕ್ಕೂ ಸಿಬ್ಬಂದಿಯ ಕೂಲಿಗೂ ಕಾನೂನಿನಲ್ಲೇ ಗಂಟು ಬಿದ್ದದ್ದು ಇಲ್ಲಿ. ಇವತ್ತಿಗೂ ಕೋರ್ಟಿನಲ್ಲಿ ದಿನಕ್ಕೆ ನೂರು ಸಲ ಕೇಳಿಬರುವ ‘ಪಿ.ಎಫ್. ಕಟ್ಟಿದ್ದೀರಾ?’ ಎಂಬ ಪ್ರಶ್ನೆಯ ಹಿಂದಿರುವುದು ಆ ಪ್ರೋಸೆಸ್ ಫೀ.

ಆ ಪಿ.ಎಫ್. ಕಟ್ಟಿದ ಮೇಲೆ ಏನಾಗುತ್ತದೆ ಎಂಬುದನ್ನು ಹೊರಗಿನವರು ನೋಡಿರುವುದಿಲ್ಲ. ಸಮನ್ಸು ನಾಜರರ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಊರು, ಹೋಬಳಿ ನೋಡಿ ವಿಂಗಡಿಸಿ ಪ್ರೋಸೆಸ್ ಸರ್ವರ್ ಕೈಗೆ ಕೊಡುತ್ತಾರೆ. ಬಸ್ಸು ಹೋಗುವಷ್ಟು ದೂರ ಬಸ್ಸು, ಆಮೇಲೆ ಸೈಕಲ್ಲು ಅಥವಾ ನಡಿಗೆ. ಪ್ರತಿವಾದಿ ಮನೆಯಲ್ಲಿದ್ದರೆ ಸಹಿ ಅಥವಾ ಹೆಬ್ಬೆಟ್ಟು. ಇಲ್ಲವೆಂದರೆ, ತಗೊಳ್ಳಲೊಲ್ಲೆ ಎಂದರೆ, ಬಾಗಿಲಿಗೆ ಅಂಟಿಸಿ, ಅಕ್ಕಪಕ್ಕದ ಇಬ್ಬರ ಸಹಿ ಹಾಕಿಸಿ, ಯಾವ ಹೊತ್ತಿಗೆ ಏನಾಯಿತೆಂದು ಹಿಂಬದಿಗೆ ಷರಾ ಬರೆಯಬೇಕು. ಸಾಕ್ಷಿ ಹಾಕಲು ಊರಿನವರು ಮುಂದೆ ಬರುವುದಿಲ್ಲ. ನಾಳೆ ಅದೇ ಮನೆಯವರ ಮುಖ ನೋಡಿ ಬಾಳಬೇಕಾದವರು ಅವರು. ಬೈಗುಳ ತಿಂದವರುಂಟು, ನಾಯಿ ಬಿಡಿಸಿಕೊಂಡವರುಂಟು. ಜಪ್ತಿಯಾದರೆ ಡಂಗುರ ಸಾರಿಸುವುದೂ ಅವರ ಕೆಲಸವೇ. ಆ ನಾಲ್ಕು ಸಾಲಿನ ಷರಾ ಸರಿಯಿಲ್ಲದಿದ್ದರೆ ಏಕಪಕ್ಷೀಯ ಡಿಕ್ರಿ ಹತ್ತು ವರ್ಷದ ನಂತರವೂ ಬಿದ್ದುಹೋಗಬಹುದು. ಒಂದು ದಾವೆಯ ಅಸ್ತಿಭಾರ ನ್ಯಾಯಾಧೀಶರ ಪೀಠದಲ್ಲಿಲ್ಲ, ಆ ಬಾಗಿಲ ಬಳಿ ಇದೆ.

ಕೋರ್ಟಿನ ಒಳಗೆ ಶುಲ್ಕದ ಕೆಲಸ ಮಾಡುತ್ತಿದ್ದವರ ಕೈಯಲ್ಲಿ ಇನ್ನೊಂದು ಉಪಕರಣವಿತ್ತು, ಪಂಚು. 1870ರ ಕಾಯ್ದೆಯ ಪ್ರಕಾರ ಸ್ಟಾಂಪಿನ ಮೇಲಿನ ತಲೆಯ ಚಿತ್ರವನ್ನು ತೂತು ಹೊಡೆದು ತೆಗೆಯಬೇಕು, ಮೊತ್ತ ಬರೆದಿರುವ ಭಾಗ ಹಾಗೇ ಉಳಿಯಬೇಕು, ಕತ್ತರಿಸಿ ತೆಗೆದ ಚೂರನ್ನು ಸುಟ್ಟುಹಾಕಬೇಕು. ಒಂದೇ ಸ್ಟಾಂಪು ಎರಡು ದಾವೆಗೆ ಅಂಟದಿರಲಿ ಎಂಬ ಎಚ್ಚರ ಅದು. ಮುಂದೊಂದು ದಿನ ಖಾನಾಪುರದ ತೆಲಗಿಯ ಜಾಲ ಛಾಪಾ ಕಾಗದದ ಜೊತೆಗೆ ನ್ಯಾಯಾಲಯ ಶುಲ್ಕದ ಸ್ಟಾಂಪುಗಳನ್ನೂ ನಕಲಿ ಮಾಡಿತೆಂಬ ಸುದ್ದಿ ಬಂದಾಗ, ತಲೆಮಾರುಗಳಿಂದ ಪಂಚು ಹಿಡಿದು ಕೂತಿದ್ದ ನಮ್ಮವರಿಗೆ ಆದ ಸಂಕಟ ಅಷ್ಟಿಷ್ಟಲ್ಲ. ಈಗ ಶುಲ್ಕ ಇ-ಪಾವತಿಯಲ್ಲಿ ಸಂದಾಯವಾಗುತ್ತದೆ.

ಸಂವಿಧಾನ ಬಂದಾಗ ಶುಲ್ಕ ಮತ್ತು ಸಂಬಳದ ಗಂಟನ್ನು ಬಿಚ್ಚಲಾಯಿತು. ಇದನ್ನು ನಮ್ಮ ನೌಕರರೆಲ್ಲ ಓದಿಕೊಂಡಿರಬೇಕು. 229ನೇ ಅನುಚ್ಛೇದದ ಮೂರನೇ ಖಂಡದ ಪ್ರಕಾರ ಹೈಕೋರ್ಟಿನ ಆಡಳಿತ ವೆಚ್ಚ, ಅಲ್ಲಿನ ಅಧಿಕಾರಿ ನೌಕರರ ಸಂಬಳ, ಭತ್ಯೆ, ನಿವೃತ್ತಿ ವೇತನ ಸೇರಿ, ರಾಜ್ಯದ ಸಂಚಿತ ನಿಧಿಯ ಮೇಲೆ ಪ್ರಭೃತ. ಅಂದರೆ ಅದನ್ನು ವಿಧಾನಸಭೆಯಲ್ಲಿ ಮತಕ್ಕೆ ಹಾಕುವಂತಿಲ್ಲ. ಅದೇ ಖಂಡ ಮುಂದುವರಿದು, ಹೈಕೋರ್ಟು ಪಡೆದ ಶುಲ್ಕವೂ ಅದೇ ನಿಧಿಗೆ ಸೇರತಕ್ಕದ್ದು ಎನ್ನುತ್ತದೆ. ಶುಲ್ಕ ಒಂದು ಬಾಗಿಲಿನಿಂದ ಒಳಗೆ ಹೋಗುತ್ತದೆ, ಸಂಬಳ ಇನ್ನೊಂದು ಬಾಗಿಲಿನಿಂದ ಹೊರಗೆ ಬರುತ್ತದೆ. ಎರಡರ ನಡುವೆ ರಾಜ್ಯದ ಇಡೀ ಬೊಕ್ಕಸವಿದೆ. ಕಡಿಮೆ ದಾವೆ ಹೂಡಿದ ವರ್ಷ ಸಿಬ್ಬಂದಿಗೆ ಕಡಿಮೆ ಸಂಬಳ ಎಂಬ ಮಾತಿಗೆ ಆಸ್ಪದವೇ ಇಲ್ಲ. ಇದು ಸಂವಿಧಾನ ರಚಿಸಿದವರು ನಮಗೆ ಕೊಟ್ಟ ರಕ್ಷೆ. ಜಿಲ್ಲಾ, ತಾಲ್ಲೂಕು ನ್ಯಾಯಾಲಯಗಳ ನೌಕರರಿಗೆ ಈ ಪ್ರಭೃತ ವೆಚ್ಚದ ಕವಚ ಸಿಗಲಿಲ್ಲ ಎಂಬ ಕೊರಗು ಮಾತ್ರ ಉಳಿದುಕೊಂಡಿತು.

ಏಕೀಕರಣವಾದಾಗ ನಮ್ಮ ಕೋರ್ಟುಗಳಲ್ಲಿ ಶುಲ್ಕ ಒಂದೊಂದು ಸೀಮೆಗೆ ಒಂದೊಂದು ಬಗೆ. ಹಳೇ ಮೈಸೂರಿನದು ಒಂದು ಕಾಯ್ದೆ, ಮುಂಬಯಿ ಕರ್ನಾಟಕದಲ್ಲಿ ಇನ್ನೊಂದು, ಹೈದರಾಬಾದ್ ಕರ್ನಾಟಕದಲ್ಲಿ ಮತ್ತೊಂದು, ದಕ್ಷಿಣ ಕನ್ನಡದಲ್ಲಿ ಮದ್ರಾಸಿನ 1955ರ ಕಾಯ್ದೆ. 1958ರ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯಮಾಪನ ಕಾಯ್ದೆ ಇವನ್ನೆಲ್ಲ ಒಂದು ಮಾಡಿತು. ಅದರಲ್ಲಿ ಗರಿಷ್ಠ ಮಿತಿ ಇರಲಿಲ್ಲ. ದಾವೆಯ ಮೌಲ್ಯ ಏರಿದಂತೆ ಶುಲ್ಕವೂ ಏರುತ್ತಲೇ ಹೋಗುತ್ತಿತ್ತು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಆಗ 15,000 ರೂಪಾಯಿಯ ಮಿತಿ; ಸೊಲ್ಲಾಪುರದ ವ್ಯಾಪಾರಿಗೆ ಇದ್ದ ಅನುಕೂಲ ವಿಜಯಪುರದ ವ್ಯಾಪಾರಿಗೆ ಇರಲಿಲ್ಲ.

ಇದನ್ನು ಪ್ರಶ್ನಿಸಿದ್ದೇ ಪಿ.ಎಂ. ಅಶ್ವತ್ಥನಾರಾಯಣ ಶೆಟ್ಟಿ ಪ್ರಕರಣ. ಅದಕ್ಕೆ ಮೊದಲು ಮದ್ರಾಸಿನ ಜೆನಿತ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆದಿತ್ತು. ಕೋರ್ಟು ಶುಲ್ಕ ತೆರಿಗೆಯಲ್ಲ, ಶುಲ್ಕವೇ. ಸಿವಿಲ್ ನ್ಯಾಯಾಡಳಿತದ ವೆಚ್ಚಕ್ಕೂ ಅದಕ್ಕೂ ಸ್ಥೂಲವಾದ ಸಂಬಂಧ ಇರಲೇಬೇಕು. ಕಕ್ಷಿದಾರರಿಂದ ಹಣ ಎತ್ತಿ ರಸ್ತೆ ಹಾಕಿಸುವುದಕ್ಕೋ ಶಾಲೆ ನಡೆಸುವುದಕ್ಕೋ ಬಳಸುವಂತಿಲ್ಲ. 1988ರಲ್ಲಿ ಕರ್ನಾಟಕದ ಪ್ರಕರಣದಲ್ಲಿ ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಮಿತಿಯಿಲ್ಲದ ಶುಲ್ಕ ಸಂವಿಧಾನಬಾಹಿರವಲ್ಲ ಎಂದು ಅವರು ಎತ್ತಿಹಿಡಿದರು. ಆದರೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಈ ಹೊರೆ ಇಳಿಯಬೇಕು, ಸರ್ಕಾರಗಳು ಶುಲ್ಕವನ್ನು ವಿವೇಕದಿಂದ ಮರುಹೊಂದಿಸಬೇಕು ಎಂಬ ಆಶಯವನ್ನೂ ತೀರ್ಪಿನಲ್ಲಿ ದಾಖಲಿಸಿದರು. ಕಾಯ್ದೆಯನ್ನು ಉಳಿಸಿಕೊಟ್ಟ ತೀರ್ಪೇ ಅದರ ಕಾಠಿಣ್ಯವನ್ನೂ ಒಪ್ಪಿಕೊಂಡಿತು ಎಂಬುದು ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ.

ಇನ್ನು ಸಂಬಳದ ಕಡೆ ಬರೋಣ. ನ್ಯಾಯಾಧೀಶರ ವೇತನ, ಸೇವಾ ಸ್ಥಿತಿಗತಿಗಳ ಬಗ್ಗೆ ಅಖಿಲ ಭಾರತ ನ್ಯಾಯಾಧೀಶರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿ 1991ರಲ್ಲಿ ಒಂದು ತೀರ್ಪು, 1993ರಲ್ಲಿ ಅದರ ಮರುಪರಿಶೀಲನೆಯ ತೀರ್ಪು ಪಡೆದಿತ್ತು. ಅದರ ಫಲವಾಗಿ 1996ರ ಮಾರ್ಚ್ 21ರಂದು ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗ ರಚನೆಯಾಯಿತು. ಅಧ್ಯಕ್ಷರು ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ, ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದು ಸುಪ್ರೀಂ ಕೋರ್ಟಿಗೆ ಹೋದವರು. ನ್ಯಾಯಾಧೀಶರ ಬಗೆಗಿನ ವರದಿ 1999ರ ನವೆಂಬರ್‌ನಲ್ಲಿ ಬಂತು. ಶೆಟ್ಟಿ ಆಯೋಗ ಎಂದರೆ ನಮ್ಮ ನೌಕರರ ಮನೆಗಳಲ್ಲಿ ಇವತ್ತಿಗೂ ಗೌರವ ಹುಟ್ಟುವುದಕ್ಕೆ ಕಾರಣವೊಂದಿದೆ: ಆಯೋಗ ನ್ಯಾಯಾಧೀಶರಿಗೇ ನಿಲ್ಲದೆ ಕೋರ್ಟಿನ ಸಿಬ್ಬಂದಿಯ ಕೆಲಸವನ್ನೂ ನೋಡಿತು. ಅದಕ್ಕೆ ಮೊದಲು ನಮ್ಮನ್ನು ಸರ್ಕಾರದ ಯಾವುದೋ ಕಚೇರಿಯ ಗುಮಾಸ್ತರ ಸಾಲಿನಲ್ಲಿ ನಿಲ್ಲಿಸಿ ವೇತನ ಗೊತ್ತುಮಾಡುವುದೇ ನಡೆದಿತ್ತು. ಆರ್ಡರ್ ಶೀಟು ಬರೆಯುವುದು, ಎ ಡೈರಿ ಇಡುವುದು, ನಿಶಾನೆ ಹಾಕಿದ ದಾಖಲೆಗಳನ್ನು ಕಾಪಾಡುವುದು, ತೆರೆದ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುತ್ತಿದ್ದಂತೆ ಬೆರಳಚ್ಚು ಮಾಡುವುದು, ಇವು ಬೇರೆ ಬಗೆಯ ಹೊಣೆ ಎಂದು ಒಬ್ಬ ನ್ಯಾಯಮೂರ್ತಿ ಕೂತು ಆಲಿಸಿದ್ದು ದೊಡ್ಡ ಸಂಗತಿ. ಸಿಬ್ಬಂದಿಯ ಕುರಿತ ವರದಿ 2003ರ ಮಾರ್ಚ್‌ನಲ್ಲಿ ಬಂತು.

ಆಯೋಗ ಹಣದ ಮೂಲವನ್ನೂ ಸೂಚಿಸಿತ್ತು. ಅಧೀನ ನ್ಯಾಯಾಲಯಗಳು ಕೇಂದ್ರದ ಕಾನೂನುಗಳನ್ನೂ ಜಾರಿಗೊಳಿಸುತ್ತವೆ, ಆದ್ದರಿಂದ ವೆಚ್ಚದ ಅರ್ಧವನ್ನು ಕೇಂದ್ರ ಸರ್ಕಾರ ಹೊರಬೇಕು ಎಂಬುದು ಅದರ ಶಿಫಾರಸು. 2002ರ ಮಾರ್ಚ್ 21ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಪೂರ್ತಿ ವೆಚ್ಚ ರಾಜ್ಯಗಳದೇ ಎಂದಿತು. ಹಣ ಎಲ್ಲಿಂದ ತರಬೇಕು ಎಂಬುದಕ್ಕೆ ತೀರ್ಪು ತೋರಿಸಿದ ದಾರಿಗಳಲ್ಲಿ ಮೊದಲನೆಯದು, ರಾಜ್ಯಗಳು ಕೋರ್ಟು ಶುಲ್ಕ ಏರಿಸಬಹುದು ಎಂಬುದು. ಹಣಕಾಸು ಆಯೋಗಕ್ಕೋ ಕೇಂದ್ರಕ್ಕೋ ಹೆಚ್ಚಿನ ಅನುದಾನ ಕೇಳಬಹುದು ಎಂಬುದು ಆಮೇಲಿನದು. ಹತ್ತು ನ್ಯಾಯಾಧೀಶರಿದ್ದ ಕಡೆ ಐವತ್ತು ಮಾಡಿ, ಹತ್ತು ಲಕ್ಷ ಜನಸಂಖ್ಯೆಗೆ ಐವತ್ತರ ಪ್ರಮಾಣಕ್ಕೆ ಐದು ವರ್ಷದಲ್ಲಿ ತಲುಪಿ ಎಂದ ಅದೇ ತೀರ್ಪು ಇದು. ಅದರ ಹಿರಿಮೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಶುಲ್ಕ ಏರಿಸುವ ಆ ಒಂದು ಮಾತು ಬಾರದಿದ್ದರೆ ಚೆನ್ನಾಗಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಮ್ಮ ಹೊಟ್ಟೆಯ ಪ್ರಶ್ನೆಯನ್ನು ಅದು ಕಕ್ಷಿದಾರನ ಕಿಸೆಯ ಎದುರಿಗೆ ತಂದು ನಿಲ್ಲಿಸಿತು.

ನಮ್ಮ ಶುಲ್ಕದ ದರಪಟ್ಟಿಯನ್ನೇ ತೆರೆದು ನೋಡಿ. ಬಹುಕಾಲ ಜಾರಿಯಲ್ಲಿದ್ದ ಪಟ್ಟಿಯ ಪ್ರಕಾರ ಐದು ಲಕ್ಷ ರೂಪಾಯಿ ವಸೂಲಿಯ ದಾವೆಗೆ ಕಟ್ಟಬೇಕಾದದ್ದು 33,375 ರೂಪಾಯಿ. ಸರಕು ಕೊಟ್ಟು ಹಣ ಬಾರದೆ ಕೂತ ಸಣ್ಣ ಅಂಗಡಿಯವನು ಕಳೆದುಕೊಂಡದ್ದನ್ನು ಕೇಳುವುದಕ್ಕೇ ಮೊದಲು ಇಷ್ಟು ಹಣ ಹೊಂದಿಸಬೇಕು. ಅಂಥ ದಾವೆಯಲ್ಲಿ ಒಬ್ಬನೇ ಪ್ರತಿವಾದಿ, ಒಂದು ಪ್ರಾಮಿಸರಿ ನೋಟು, ಇಬ್ಬರು ಸಾಕ್ಷಿ. ಎಷ್ಟೋ ಸಲ ಪ್ರತಿವಾದಿ ಬರುವುದೇ ಇಲ್ಲ. ಕಚೇರಿಗೆ ಅದರಿಂದ ಬೀಳುವ ಕೆಲಸ ಅತಿ ಕಡಿಮೆ.

ಇನ್ನು ಪಾಲಿನ ದಾವೆ. ಜಂಟಿ ಸ್ವಾಧೀನದಲ್ಲಿದ್ದೇನೆ ಎಂದು ವಾದಿ ಹೇಳಿದರೆ 35ನೇ ಕಲಮಿನ ಪ್ರಕಾರ ಆಸ್ತಿ ಎಷ್ಟೇ ಬೆಲೆಬಾಳಲಿ, ಶುಲ್ಕ 200 ರೂಪಾಯಿ ಮೀರುತ್ತಿರಲಿಲ್ಲ. ಅದರಲ್ಲಿ ಪ್ರತಿವಾದಿಗಳು ಇಪ್ಪತ್ತು ಮಂದಿ ಇರುತ್ತಾರೆ. ಒಬ್ಬರು ಮುಂಬಯಿಯಲ್ಲಿ, ಒಬ್ಬರು ಗಂಡನ ಮನೆಯಲ್ಲಿ, ಒಬ್ಬರು ತೀರಿಕೊಂಡು ಅವರ ವಾರಸುದಾರರನ್ನು ತರಬೇಕು, ಅವರಲ್ಲೊಬ್ಬರು ಮೈನರು. ಪ್ರಾಥಮಿಕ ಡಿಕ್ರಿ ಆಗುವುದಕ್ಕೆ ವರ್ಷಗಳು, ಮೇಲ್ಮನವಿ, ಮತ್ತೆ ಅಂತಿಮ ಡಿಕ್ರಿಯ ಅರ್ಜಿ, ಕೋರ್ಟು ಕಮಿಷನರು, ಅಳತೆ, ಆಕ್ಷೇಪಣೆ, ಕೊನೆಗೆ ಅಮಲ್ಜಾರಿ. ಒಂದೇ ಕಟ್ಟನ್ನು ಮೂವರು ಬೆಂಚ್ ಕ್ಲರ್ಕುಗಳು ಒಬ್ಬರಾದ ಮೇಲೊಬ್ಬರು ನಿವೃತ್ತರಾಗುವವರೆಗೆ ಹೊತ್ತು ತಿರುಗುತ್ತಾರೆ. ಆ ಕಟ್ಟಿಗೆ ಬಂದ ಶುಲ್ಕ 200 ರೂಪಾಯಿ. ಅದು ಕಡಿಮೆಯಾಯಿತೆಂದು ನಾನು ಹೇಳುತ್ತಿಲ್ಲ. ತವರಿನ ಪಾಲು ಕೇಳುವ ಹೆಣ್ಣುಮಕ್ಕಳು ಕೋರ್ಟಿಗೆ ಬರಲು ಸಾಧ್ಯವಾಗಿರುವುದೇ ಆ 200 ರೂಪಾಯಿಯಿಂದ. ಆಸ್ತಿಯ ಬೆಲೆಯ ಮೇಲೆ ಶೇಕಡಾವಾರು ಕೇಳಿದ್ದರೆ ಅವರಲ್ಲಿ ಎಷ್ಟು ಮಂದಿ ಅಣ್ಣತಮ್ಮಂದಿರನ್ನು ಎದುರಿಸಿ ನಿಲ್ಲುತ್ತಿದ್ದರು?

ಕ್ರಿಮಿನಲ್ ಕಡೆಯ ಮಾತೇ ಬೇರೆ. ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ನೌಕರ ಬೆಳಿಗ್ಗೆಯಿಂದ ಸಂಜೆಯವರೆಗೆ ರಿಮ್ಯಾಂಡು, ಜಾಮೀನು, ಸಾಕ್ಷಿ ಸಮನ್ಸುಗಳಲ್ಲಿ ಮುಳುಗಿರುತ್ತಾನೆ. ಆ ಕೆಲಸಕ್ಕೆ ಹೇಳಿಕೊಳ್ಳುವಂಥ ಶುಲ್ಕವೇ ಇಲ್ಲ, ಇರಲೂಬಾರದು. ಹೀಗಿರುವಾಗ ಶುಲ್ಕದಿಂದ ಸಂಬಳ ತೆಗೆಯುವುದೆಂದರೆ, ಹಣ ವಸೂಲಿಯ ದಾವೆ ಹೂಡಿದವನು ಊರಿನ ಎಲ್ಲ ಕಳ್ಳತನ, ಎಲ್ಲ ಪಾಲು ಪಾರಿಖತ್ತುಗಳ ಖರ್ಚನ್ನೂ ಹೊರಬೇಕಾಗುತ್ತದೆ. ದಾವೆ ಹೂಡದೆ ನೆಮ್ಮದಿಯಾಗಿ ಮನೆಯಲ್ಲಿರುವವನೂ ಕೋರ್ಟಿನ ಫಲವನ್ನು ದಿನವೂ ಉಣ್ಣುತ್ತಿದ್ದಾನೆ. ಕೋರ್ಟೊಂದು ಇದೆ ಎಂಬ ಕಾರಣಕ್ಕೇ ಬಾಡಿಗೆದಾರ ಬಾಡಿಗೆ ಕೊಡುತ್ತಾನೆ, ಪಕ್ಕದ ಹೊಲದವನು ಬದು ಒತ್ತುವುದಿಲ್ಲ. ಆ ಖರ್ಚು ಎಲ್ಲರ ತೆರಿಗೆಯಿಂದ ಬರುವುದೇ ನ್ಯಾಯ. ನ್ಯಾಯಮೂರ್ತಿ ಎಂ. ಜಗನ್ನಾಥರಾವ್ ಅಧ್ಯಕ್ಷತೆಯ ಕಾನೂನು ಆಯೋಗ 2004ರ ತನ್ನ 189ನೇ ವರದಿಯಲ್ಲಿ ಹೇಳಿದ್ದೂ ಇದನ್ನೇ: ನ್ಯಾಯದಾನ ಸಾರ್ವಭೌಮ ಹೊಣೆ, ಅದರ ಪೂರ್ತಿ ವೆಚ್ಚವನ್ನು ಶುಲ್ಕದಿಂದ ಎತ್ತಬೇಕೆಂಬುದು ಸಲ್ಲದು.

ಶುಲ್ಕ ಏರಿಸಿದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ ನೋಡಿಯಾಗಿದೆ. ಅಲ್ಲಿನ ಕಾರ್ಮಿಕ ನ್ಯಾಯಮಂಡಳಿಗಳ ಖರ್ಚಿನ ಒಂದು ಪಾಲನ್ನು ಬಳಸುವವರ ಮೇಲೆ ಹಾಕಲು 2013ರಲ್ಲಿ 1,200 ಪೌಂಡುಗಳವರೆಗೆ ಶುಲ್ಕ ತಂದರು. ಅರ್ಜಿಗಳು ಮೂರನೇ ಒಂದು ಭಾಗದ ಆಸುಪಾಸಿಗೆ ಕುಸಿದವು. 2017ರ ಜುಲೈನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇಡೀ ಶುಲ್ಕವನ್ನು ಕಾನೂನುಬಾಹಿರವೆಂದು ಹೊಡೆದುಹಾಕಿತು. ನಮ್ಮಲ್ಲೇ ದೆಹಲಿ ಸರ್ಕಾರ 2012ರಲ್ಲಿ ಏರಿಸಿದ ಕೋರ್ಟು ಶುಲ್ಕವನ್ನು ಮರುವರ್ಷ ದೆಹಲಿ ಹೈಕೋರ್ಟ್ ರದ್ದುಮಾಡಿತು. ಪಕ್ಕದ ತಮಿಳುನಾಡು 2017ರಲ್ಲಿ ಶೇ. 7.5ರ ಶುಲ್ಕವನ್ನು ಶೇ. 3ಕ್ಕೆ ಇಳಿಸಿತು. ಇಳಿಸಿದ್ದರಿಂದ ಅಲ್ಲಿನ ನೌಕರರ ಸಂಬಳ ನಿಂತುಹೋಗಲಿಲ್ಲ.

ನಮ್ಮ ಸಂಬಳ ಏರಿದ್ದು ಯಾವಾಗ ಎಂಬುದನ್ನೂ ಹೇಳಬೇಕು. ಸಿಬ್ಬಂದಿಯ ಕುರಿತ ಶೆಟ್ಟಿ ಆಯೋಗದ ಶಿಫಾರಸುಗಳು ವರ್ಷಗಟ್ಟಲೆ ಕಡತದಲ್ಲಿ ಕೂತವು. 2009ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿ, 2003ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಜಾರಿಗೆ ತರಲು ರಾಜ್ಯಗಳಿಗೆ ಹೇಳಿತು. ಆ ಆರೂವರೆ ವರ್ಷದಲ್ಲಿ ನಿವೃತ್ತರಾದವರು, ತೀರಿಹೋದವರು ನಮ್ಮ ನಡುವೆ ಎಷ್ಟೋ ಮಂದಿ. 2017ರಲ್ಲಿ ಬಂದ ಎರಡನೇ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗ ನ್ಯಾಯಾಧೀಶರಿಗೆ ಮೀಸಲಾಯಿತು. ರಾಜ್ಯದ ಏಳನೇ ವೇತನ ಆಯೋಗದ ದರಗಳು 2024ರ ಆಗಸ್ಟ್ 1ರಿಂದ ಜಾರಿಯಾದಾಗ ಕೋರ್ಟಿನ ನೌಕರನಿಗೂ ಸಿಕ್ಕಿತು, ಬೇರೆಲ್ಲ ಸರ್ಕಾರಿ ನೌಕರರ ಜೊತೆಗೆ. ಆದೇಶ, ಆಯೋಗ, ಆಯವ್ಯಯ, ಈ ದಾರಿಯಲ್ಲೇ ನಮಗೆ ಬಂದದ್ದು ಬಂದಿದೆ.

ಹೀಗಾಗಿ ಶುಲ್ಕದ ಬಳಕೆಯನ್ನು ಗಮನಿಸುವ ಕೆಲಸವನ್ನು ನಮ್ಮ ನೌಕರರ ಸಂಘಟನೆಗಳೂ ವಕೀಲರ ಸಂಘಗಳೂ ಒಟ್ಟಾಗಿ ಕೈಗೆತ್ತಿಕೊಳ್ಳಬೇಕೆಂದು ನನ್ನ ಒತ್ತಾಯ. ಪ್ರತಿ ವರ್ಷ ಆಯವ್ಯಯದ ಹೊತ್ತಿಗೆ ರಾಜ್ಯ ಸರ್ಕಾರ ಒಂದು ಪುಟದ ಲೆಕ್ಕ ಕೊಡಲಿ. ಕೋರ್ಟು ಶುಲ್ಕವಾಗಿ ಬಂದದ್ದೆಷ್ಟು, ಪ್ರೋಸೆಸ್ ಫೀ ಎಷ್ಟು, ದಂಡ ಎಷ್ಟು. ಲೋಕ ಅದಾಲತ್ತಿನಲ್ಲಿ ರಾಜಿಯಾಗಿ ವಾಪಸು ಕೊಟ್ಟದ್ದೆಷ್ಟು. ಸಿವಿಲ್ ನ್ಯಾಯಾಲಯಗಳ ಸಿಬ್ಬಂದಿಗೆ, ಕಟ್ಟಡಕ್ಕೆ, ದಾಖಲೆ ಕೊಠಡಿಗೆ ಖರ್ಚಾದದ್ದೆಷ್ಟು. ಖಾಲಿ ಬಿದ್ದಿರುವ ಹುದ್ದೆಗಳೆಷ್ಟು. ಪ್ರೋಸೆಸ್ ಸರ್ವರ್‌ಗೆ ಊರೂರು ತಿರುಗಲು ಕೊಡುವ ಭತ್ಯೆಯ ಸಾಲೂ ಅದರಲ್ಲಿ ಇರಲಿ. ಈ ಲೆಕ್ಕ ಜನರೆದುರು ಬಾರದೆ ಶುಲ್ಕದ ದರಪಟ್ಟಿಯಲ್ಲಿ ಒಂದು ರೂಪಾಯಿಯೂ ಏರಬಾರದು. ನಮ್ಮ ಹೆಸರು ಹೇಳಿ ಏರಿಸಲು ಹೊರಟರೆ, ಬೇಡ ಎಂದು ಮೊದಲು ಹೇಳಬೇಕಾದವರು ನಾವೇ.